ಐನೂರೊಂದನೇ ಹೆಸರು

ಇಮೇಲ್ ಪಟ್ಟಿಯ ಐನೂರೊಂದನೇ ಹೆಸರನ್ನು ಕಂಪ್ಯೂಟರು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂಕೋಲೆ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ ನಮಿತಾ ಇನ್ನೊಮ್ಮೆ ಒತ್ತಿ ನೋಡಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. "ಪುಕ್ಕಟೆ ಅಂದ್ರೆ ಐನೂರೇ ಜನ ಅಂತೆ, ಅಕ್ಕ. ಮುಂದಿನವರಿಗೆ ಡಾಲರ್ ಕಟ್ಟಬೇಕು. ಅದೂ ಕ್ರೆಡಿಟ್ ಕಾರ್ಡಿನಲ್ಲಿ."

ಪಕ್ಕದಲ್ಲಿ ಕೂತಿದ್ದ ಪರಮೇಶ್ವರಿಯ ಮಡಿಲಲ್ಲಿ ಬಟ್ಟೆಯ ಗಂಟಿತ್ತು. ಒಳಗೆ ಒಂದು ಸೇರು ಕಗ್ಗ ಭತ್ತ. ಸಮುದ್ರದ ಉಪ್ಪುನೀರು ಗದ್ದೆಗೆ ನುಗ್ಗಿದರೂ ಕೊಳೆಯದೆ ನಿಲ್ಲುವ ಆ ತಳಿಯನ್ನು ಅವಳ ಬೀಜ ಬಳಗ ಮೂರು ವರ್ಷದಿಂದ ಹುಡುಕುತ್ತಿತ್ತು. ದೇವಬಾಗದಲ್ಲಿ ಮೀನು ಮಾರುವ ಮಾದೇವಿ ತವರಿನ ಗದ್ದೆಯ ಬೀಜವೆಂದು ಅದನ್ನು ಮಡಕೆಯಲ್ಲಿ ಕಾಪಿಟ್ಟಿದ್ದಳು. ನಿನ್ನೆ ಬಸ್ಸು ಬದಲಿಸಿ ಬದಲಿಸಿ ಹಿಲ್ಲೂರಿನ ತನಕ ತಂದುಕೊಟ್ಟಿದ್ದಳು. ಏನೂ ಬೇಡ ಅಂದಿದ್ದಳು. ಹೊರಡುವಾಗ ಮಾತ್ರ ಮಗಳು ಚಂದನಾ ಬರೆದುಕೊಟ್ಟ ಇಮೇಲ್ ವಿಳಾಸದ ಚೀಟಿ ತೆಗೆದು, ನಿಮ್ಮ ಬಳಗದ ಕಾಗದ ನಮಗೂ ಬರಲಿ, ಮಗಳು ಓದಿ ಹೇಳ್ತಾಳೆ ಎಂದು ಕೇಳಿದ್ದಳು.

ಯಾರ ಮನೆಯಲ್ಲಿ ಯಾವ ಬೀಜ ಉಂಟು, ಯಾರಿಗೆ ಯಾವುದು ಬೇಕು ಎಂಬುದೇ ಆ ಕಾಗದ. ಎಂಟು ತಿಂಗಳಿಂದ ತಿಂಗಳ ಎರಡನೇ ಶನಿವಾರ ಪರಮೇಶ್ವರಿ ಹಿಲ್ಲೂರಿನಿಂದ ಬಂದು ಬಾಯಲ್ಲಿ ಹೇಳುವಳು, ನಮಿತಾ ಟೈಪು ಕುಟ್ಟಿ ಎಲ್ಲರಿಗೂ ಇಮೇಲ್ ಕಳಿಸುವಳು. ಮಾದೇವಿಗೆ ತಾನು ಬೇರೆಯಾಗಿ ಕಳಿಸುತ್ತೇನೆ, ಅದೇನು ದೊಡ್ಡ ಕೆಲಸವಲ್ಲ ಎಂದು ನಮಿತಾ ಈಗ ಸಮಾಧಾನ ಹೇಳಿದಳು.

"ಕೊಟ್ಟವಳಿಗೆ ಪಂಕ್ತಿ ಬಿಟ್ಟು ಹಿತ್ತಲಲ್ಲಿ ಎಲೆ ಹಾಕೂದಾ, ತಂಗಿ? ನಮ್ಮ ಹಿರಿಯರು ಅದನ್ನ ಬೇಕಾದಷ್ಟು ಮಾಡಿಟ್ಟು ಹೋಗಿದಾರೆ."

ನಮಿತಾ ಬೇರೆ ದಾರಿ ಹುಡುಕಿದಳು. ಯಾರು ಕಾಗದ ತೆರೆದರು, ಯಾರು ಇಲ್ಲ ಎಂಬುದನ್ನೂ ಯಂತ್ರ ತೋರಿಸುತ್ತಿತ್ತು. ಕಾರವಾರದ ರಾಮನಾಥ ಎಂಬವರು ಬಂದ ಎಂಟರಲ್ಲಿ ಒಂದನ್ನೂ ತೆರೆದಿರಲಿಲ್ಲ. ತೆಗೆದುಬಿಟ್ಟರೆ ಅವರಿಗೆ ಗೊತ್ತೂ ಆಗುವುದಿಲ್ಲ ಎಂದಳು. ಪರಮೇಶ್ವರಿ ಒಪ್ಪಲಿಲ್ಲ. ಅವಳ ಮನೆಯ ಊಟದ ಕರೆಯೋಲೆ ಪಟ್ಟಿಯಲ್ಲಿ ಹತ್ತು ವರ್ಷದಿಂದ ಬಾರದ ಮನೆಗಳೂ ಇದ್ದವು. ಹೇಳದೆ ಹೆಸರು ಬಿಟ್ಟರೆ ಅದು ಮುನಿಸಿನ ಲೆಕ್ಕ. ಗಂಟನ್ನು ನಮಿತಾಳ ಮೇಜಿನ ಮೇಲಿಟ್ಟು, ಕೇಳಿಕೊಂಡೇ ಬರ್ತೆ ಎಂದು ಎದ್ದು ಕಾರವಾರದ ಬಸ್ಸು ಹತ್ತಿದಳು. ಗುಂಡಿ ಒತ್ತುವ ಕೆಲಸಕ್ಕೆ ಬಸ್ಸು ಹತ್ತಿದವರು ನೀವೊಬ್ಬರೇ ಎಂದು ನಮಿತಾ ಬಾಗಿಲಿನಿಂದ ಕೂಗಿದ್ದು ಕೇಳಿತು.

ರಾಮನಾಥ ದೋಣಿ ಕಟ್ಟುವ ಬಡಗಿಯಾಗಿದ್ದವರು, ಈಗ ಎಪ್ಪತ್ತು ದಾಟಿದೆ. ಬಳಗ ಶುರುವಾದಾಗ ಮೊದಲು ಬೀಜ ಕೊಟ್ಟವರು ಅವರೇ, ಹಾಲುಬೆಂಡೆಯದು. ಕೊಂಕಣಿಯಲ್ಲಿ ಅತ್ತಿಗೆ ಎನ್ನುವಂತೆ, ಬನ್ನಿ ವಹಿನಿ ಎಂದು ಕೂರಿಸಿ, ಕೋಕಂ ಪಾನಕ ಕೊಟ್ಟು, ಅವಳು ಬಾಯಿ ತೆರೆಯುವ ಮೊದಲೇ ಅವರೇ ಕೇಳಿದರು.

"ಕಾಗದ ಬರ್ತದೆ ಅಂದಿದ್ರಿ. ನಾನು ದಿನಾ ಅಂಚೆಯವನ ದಾರಿ ನೋಡ್ತೆ. ದತ್ತಾ ಬರೆದುಕೊಟ್ಟ ವಿಳಾಸ ಸರಿ ಇರಲಿಲ್ಲವೋ ಏನೋ."

ದತ್ತಾ ಅವರ ಸೋದರಳಿಯ, ಪಕ್ಕದ ಓಣಿಯಲ್ಲೇ ಮನೆ. ಪರಮೇಶ್ವರಿ ಪಾನಕದ ಲೋಟ ಕೆಳಗಿಟ್ಟು, ಅವನನ್ನು ಕರೆಸಿ, ಇಬ್ಬರನ್ನೂ ಸೈಬರ್ ಅಂಗಡಿಗೆ ಹೊರಡಿಸಿದಳು. ದತ್ತಾ ಮಾವನ ಹೆಸರಿನ ಇಮೇಲ್ ಡಬ್ಬಿ ತೆರೆದ. ಎಂಟು ಕಾಗದಗಳು ದಪ್ಪ ಕಪ್ಪು ಅಕ್ಷರದಲ್ಲಿ ಒಂದರ ಕೆಳಗೊಂದು ಕೂತಿದ್ದವು. ಮೊದಲನೆಯದನ್ನು ಅವನು ಜೋರಾಗಿ ಓದಿದ: ಪ್ರಿಯ ರಾಮನಾಥ ಅವರೆ, ಈ ಸಲ ಹಾಲುಬೆಂಡೆ ಮೂವತ್ತೊಂದು ಮನೆಗಳಲ್ಲಿ ಹುಟ್ಟಿದೆ, ಬೀಜ ಕೊಟ್ಟವರು ಕಾರವಾರದ ರಾಮನಾಥ.

ಮುದುಕ ಇನ್ನೊಮ್ಮೆ ಓದಿಸಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಮೂವತ್ತೊಂದು ಮನೆಯಲ್ಲೂ ಬಂತಾ, ವಹಿನಿ?"

"ಬಂತು."

ಉಳಿದ ಏಳನ್ನೂ ಓದಿ ಮುಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಪರಮೇಶ್ವರಿ ಬಂದ ಕೆಲಸ ಹೇಳಲಿಲ್ಲ. ಬಸ್ಸಿಗೆ ಹೊರಟಾಗ ರಾಮನಾಥ ಪೇಪರಿನಲ್ಲಿ ಸುತ್ತಿದ ಬೀಜದ ಪೊಟ್ಟಣ ಕೊಟ್ಟು, ಇನ್ನು ಮುಂದೆ ಎರಡನೇ ಶನಿವಾರ ದತ್ತಾನ ಬೆನ್ನು ಬಿಡುವವನಲ್ಲ ಎಂದರು.

ಅಂಕೋಲೆಯಲ್ಲಿ ನಮಿತಾ ಬಾಗಿಲು ಹಾಕದೆ ಕಾಯುತ್ತಿದ್ದಳು. ಒಪ್ಪಿದರಾ ಎಂದು ಕೇಳಿದಳು.

"ನಾ ಕೇಳಲೇ ಇಲ್ಲ. ನನ್ನ ಹೆಸರು ತೆಗಿ."

ನಮಿತಾಳ ಕೈ ನಿಂತಿತು. ಕಾಗದ ಕಳಿಸಿದ ಮೇಲೆ ಅಕ್ಕ ಬಸ್ಸು ತಪ್ಪಿದರೂ ಸರಿ ಎಂದು ಕೂತು, ತನ್ನ ಡಬ್ಬಿಗೆ ಅದು ಬಂದು ಬೀಳುವುದನ್ನು ನೋಡಿಯೇ ಏಳುವುದು ಅವಳಿಗೆ ಗೊತ್ತಿತ್ತು. ಅಕ್ಕ ಓದುತ್ತಿದ್ದುದು ಮೇಲಿನ ಒಂದೇ ಸಾಲು: ಪ್ರಿಯ ಪರಮೇಶ್ವರಿ ಅವರೆ. ಹಿಲ್ಲೂರಿನಲ್ಲಿ ಅವಳು ಅತ್ತೆ, ದೊಡ್ಡಮ್ಮ, ಅತ್ತಿಗೆ. ಹೆಸರು ಹಿಡಿದು ಬರುತ್ತಿದ್ದದ್ದು ಇದೊಂದೇ.

"ಬೇಡ, ಅಕ್ಕ. ನಿಮ್ಮದೇ ಬಳಗ."

"ಅದಕ್ಕೇ ಹೇಳಿದ್ದು. ಬಡಿಸೋರಿಗೆ ಎಲೆ ಎಂತಕ್ಕೆ? ತೆಗಿ."

ನಮಿತಾ ತೆಗೆದಳು. ಆ ಜಾಗದಲ್ಲಿ ಮಾದೇವಿಯ ಹೆಸರು ಬರೆದಾಗ ಯಂತ್ರ ತಕರಾರು ಮಾಡಲಿಲ್ಲ. ಈ ಸಲದ ಕಾಗದ ಕಗ್ಗದಿಂದ ಶುರುವಾಯಿತು, ಕೊಟ್ಟವರ ಹೆಸರು ಮೊದಲ ಸಾಲಿನಲ್ಲೇ ಬಂತು. ಐನೂರೂ ಹೋಯಿತು ಎಂದು ನಮಿತಾ ಹೇಳಿದ ಮೇಲೂ ಪರಮೇಶ್ವರಿ ರೂಢಿಯಂತೆ ಪರದೆ ನೋಡುತ್ತಾ ಸ್ವಲ್ಪ ಹೊತ್ತು ಕೂತೇ ಇದ್ದಳು. ಆಮೇಲೆ, ದೇವಬಾಗಕ್ಕೆ ಹೋದ ಕಾಗದದ ಮೇಲೆ ಎಂತ ಬರ್ತದೆ, ಓದು ನೋಡುವ ಎಂದಳು.

"ಪ್ರಿಯ ಮಾದೇವಿ ಅವರೆ."

"'ಅವರೆ' ಅಂತ ಸಮಾ ಬಂದಿದೆ ಅಲ್ದಾ?"

"ಎಲ್ಲರಿಗೂ ಒಂದೇ ನಮೂನೆ, ಅಕ್ಕ. ಅದಕ್ಕೆ ಬೇರೆ ಗೊತ್ತಿಲ್ಲ."

"ಗೊತ್ತಿಲ್ಲದ್ದೇ ಒಳ್ಳೇದಾಯ್ತು," ಎಂದು ಪರಮೇಶ್ವರಿ ಕಗ್ಗದ ಗಂಟು ಎತ್ತಿಕೊಂಡು ಹಿಲ್ಲೂರಿನ ಬಸ್ಸಿಗೆ ಎದ್ದಳು.