ಮೇಲಿನ ಮನೆಯ ಸದ್ದು

ಸಲೋಮಿ ಟೀವಿ ಆರಿಸಿದಳು. ರಿಮೋಟನ್ನು ದಿಂಬಿನ ಕೆಳಗೆ ತಳ್ಳಿ ಚಾಪೆಯ ಮೇಲೆ ಕೂತಳು. ಅರ್ಧ ಗಂಟೆ ದೇವರ ಮುಂದೆ ಸುಮ್ಮನೆ ಕೂರಬೇಕು. ಏನೂ ಬೇಡಬಾರದು, ಹಾಡಬಾರದು, ಬೈಬಲ್ಲನ್ನೂ ತೆರೆಯಬಾರದು. ಭಾನುವಾರದ ಆರಾಧನೆಯಲ್ಲಿ ಪಾಸ್ಟರ್ ಎಲ್ಲರಿಗೂ ಹಾಗೆ ಹೇಳಿದ್ದರು.

ಮನೆ ತುಂಬ ಮಕ್ಕಳಿದ್ದವರಿಗೆ ಆ ಮಾತು ಕೇಳಿಯೇ ಹಿತವಾಗಿತ್ತು. "ನೀವು ಬ್ಲೆಸ್ಡ್ ಸಿಸ್ಟರ್," ಎಂದು ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಕೈ ಹಿಡಿದಿದ್ದಳು. "ನಿಮ್ಮನೇಲಿ ಡಿಸ್ಟರ್ಬ್ ಮಾಡೋರೇ ಇಲ್ಲ."

ಸಲೋಮಿ ನಕ್ಕಿದ್ದಳು. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಅವಳೂ ಅವಳ ಅಕ್ಕನೂ ಕಾಮಾಕ್ಷಿಪಾಳ್ಯದ ಈ ಮಹಡಿ ಮನೆಯಲ್ಲಿದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಈಸ್ಟರ್ ಮುಗಿದ ವಾರದಲ್ಲೇ ಅಕ್ಕ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ಬಂದ ಸಂಜೆ ಹಾಕಿದ ಟೀವಿಯನ್ನು ಸಲೋಮಿ ಎಚ್ಚರವಿದ್ದಾಗ ಆರಿಸಿದ್ದೇ ಇಲ್ಲ. ಸುದ್ದಿಯೋ ಧಾರಾವಾಹಿಯೋ, ಮನೆಯೊಳಗೆ ಯಾರಾದರೂ ಮಾತಾಡುತ್ತಿದ್ದರೆ ಸಾಕಿತ್ತು.

ಕಣ್ಣು ಮುಚ್ಚಿದಳು. ಬೀದಿಯಲ್ಲಿ ಟೆಂಪೋ ಒಂದು ಹಾದುಹೋಯಿತು. ಆಮೇಲೆ ಮೌನ ಒಂದೊಂದೇ ಕೋಣೆಯಿಂದ ಎದ್ದು ಬಂದಂತಾಯಿತು. ಕೆಮ್ಮಿಲ್ಲದ ಮಂಚ. ಚಪ್ಪಲಿಯ ಸದ್ದಿಲ್ಲದ ಅಡುಗೆಮನೆ. ದೇವರ ಮುಂದೆ ಕೂತಿದ್ದೇನೆ ಎಂದುಕೊಂಡರೂ ಅವಳು ಕೂತದ್ದು ಅಕ್ಕನಿಲ್ಲದ ಮನೆಯ ಮುಂದೆ. ಬೇಡಬಾರದೆಂದಿದ್ದರೂ ತುಟಿ ಅಲುಗಿತು: "ಏನಾದ್ರೂ ಹೇಳಪ್ಪಾ." ದೇವರು ಏನೂ ಹೇಳಲಿಲ್ಲ. ದಿಂಬಿನ ಕೆಳಗೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು ಅತ್ತಳು.

ಅಷ್ಟರಲ್ಲಿ ಯಾರೋ ದಬದಬ ಬಾಗಿಲು ಬಡಿದರು.

ಕೆಳಮನೆಯ ದಾನಮ್ಮ. ಗದಗದ ಕಡೆಯ ಮುದುಕಿ. ಮಗಳು ಗಾರ್ಮೆಂಟ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆಯೇ. ಮಂಡಿನೋವಿನ ಜೀವ, ಒಮ್ಮೆಯೂ ಈ ಮೆಟ್ಟಿಲು ಹತ್ತಿದವಳಲ್ಲ. ಏದುಸಿರು ಬಿಡುತ್ತ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಏನಾತ್ರಿ ಅಕ್ಕಾರ? ಆರಾಮ ಅದೀರಿಲ್ಲೋ?"

"ಚೆನ್ನಾಗಿದೀನಿ ದಾನಮ್ಮನೋರೇ. ಯಾಕೆ?"

"ಟೀವಿ ಸಪ್ಪಳಾನ ಬರವಲ್ದು. ಎಲ್ಲಿ ಬಿದ್ರೋ ಏನೋ ಅಂತ ಎದಿ ಧಸಕ್ಕಂತ್ರಿ."

"ಪ್ರಾರ್ಥನೆಗೆ ಕೂತಿದ್ದೆ. ಮಾತಿಲ್ದೆ, ಸುಮ್ನೆ."

ದಾನಮ್ಮನಿಗೆ ಅದು ವಿಚಿತ್ರವೆನಿಸಲಿಲ್ಲ. "ನಾನೂ ದಿನಾ ಮುಂಜಾನಿ ಅಂಗೈಯಾಗ ಲಿಂಗ ಇಟ್ಕೊಂಡು ಕೂಡ್ತೀನ್ರಿ," ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ನಿಮ್ಮ ದೇವರು ಏನರೆ ಅಂದ್ನೇನು?"

"ಇಲ್ಲ."

"ನನಗೂ ಏನೂ ಅನ್ನಂಗಿಲ್ರಿ."

ಸಲೋಮಿ ಬಾಗಿಲನ್ನು ಪೂರ್ತಿ ತೆರೆದಳು. "ಒಳಗೆ ಬನ್ನಿ, ಕಾಫಿ ಮಾಡ್ತೀನಿ," ಎಂದಳು ಸಲೋಮಿ.

"ಅಯ್ಯ, ಒಲಿ ಮ್ಯಾಲ ಹಾಲಿಟ್ಟು ಹಂಗ ಬಂದೀನ್ರಿ!" ದಾನಮ್ಮ ಗಡಬಡಿಸಿ ತಿರುಗಿದಳು. ಕಂಬಿ ಹಿಡಿದು ಎರಡು ಮೆಟ್ಟಿಲು ಇಳಿದು, ಮತ್ತೆ ನಿಂತಳು. "ನಾಳೆನೂ ಹಿಂಗ ಕೂಡೂದಿದ್ರ ಮೊದಲ ಒಂದು ಮಾತು ಹೇಳ್ರಿ ಅಕ್ಕಾರ. ಸಪ್ಪಳ ಇದ್ರ, ಮ್ಯಾಲ ಯಾರೋ ಅದಾರ ಅಂತ ನನಗೊಂದು ಧೈರ್ಯ."

ಸಲೋಮಿ ಬಾಗಿಲು ಮುಚ್ಚದೆ ಬಂದು ಚಾಪೆಯ ಮೇಲೆ ಕೂತಳು. ಮನೆ ಮೊದಲಿನಂತೆಯೇ ಖಾಲಿಯಾಗಿತ್ತು. ಕೆಳಗೆ ಚಿಲಕ ಸರಿದ ಸದ್ದು. ಅದರ ಹಿಂದೆಯೇ, ಉಕ್ಕಿಹೋದ ಹಾಲಿಗೆ ಒಬ್ಬಳೇ ಬೈಯುತ್ತಿರುವ ಮುದುಕಿಯ ದನಿ.