ಎತ್ತದ ಕೈ

"ನಿರ್ಣಯದ ಪರ ಇರುವವರು ಕೈ ಎತ್ತಿ" ಎಂದರು ನಗರಸಭೆಯ ಅಧ್ಯಕ್ಷರು. ಪೇಟೆಬೀದಿಯಲ್ಲಿ ಆ ದೊಡ್ಡ ಮಳಿಗೆಗೆ ಅನುಮತಿ ಕೊಡಬಾರದು ಎನ್ನುವ ನಿರ್ಣಯ. ಅರ್ಧ ಸಭೆ ಕೈ ಎತ್ತಿತು, ಅರ್ಧ ಸಭೆ ಎತ್ತಲಿಲ್ಲ. ಎಲ್ಲರ ಕಣ್ಣೂ ವರ್ತಕರ ಪಕ್ಷದಿಂದ ಸಭೆಯಲ್ಲಿ ಉಳಿದಿದ್ದ ಕಟ್ಟಕಡೆಯ ಸದಸ್ಯನಾದ ಬೀಗದಂಗಡಿಯವನ ಮೇಲೆ ಬಿತ್ತು. ಅವನೋ, ಎರಡೂ ಅಂಗೈಗಳನ್ನು ತೊಡೆಯಡಿ ಅದುಮಿಕೊಂಡು ಕಲ್ಲಿನ ಹಾಗೆ ಕೂತಿದ್ದ.

ಮೇಲೆ ಪ್ರೇಕ್ಷಕರ ಸಾಲಿನಲ್ಲಿದ್ದ ಅವನ ಹೆಂಡತಿ ಮುಂದಕ್ಕೆ ಬಾಗಿದಳು. ಪೇಟೆಗೆಲ್ಲ ಬೀಗದಂಗಡಿ ಇವರದೊಂದೇ. ಬೀಗವನ್ನೂ ಮಾರುವ ಆ ಮಳಿಗೆ ಬರುವುದು ಸರಿಯಾಗಿ ಅದರ ಎದುರಿಗೆ. "ಎತ್ರೀ, ಎತ್ರೀ!" ಎಂದು ಹಲ್ಲು ಕಚ್ಚಿದಳು. ಅವನು ಎತ್ತಲಿಲ್ಲ. ನಿರ್ಣಯ ಬಿದ್ದುಹೋಯಿತು.

ಒಂದು ಕಾಲಕ್ಕೆ ಇದೇ ಸಭೆ ವರ್ತಕರ ಪಕ್ಷ ಹೇಳಿದ ಹಾಗೆ ಕುಣಿಯುತ್ತಿತ್ತು. ಪಕ್ಷ ಹುಟ್ಟಿದ್ದು, ಒಂದು ಪೆಟ್ಟಿಗೆ ಅಂಗಡಿ ಇಡಬೇಕಾದರೂ ಕಂಡಕಂಡ ಮೇಜಿಗೆಲ್ಲ ಕೈ ಮುಗಿಯಬೇಕಾದ ದಿನಗಳಲ್ಲಿ. "ಯಾರು ಬೇಕಾದ್ರೂ ಬಾಗಿಲು ತೆರೀಲಿ", ಇಷ್ಟೇ ಇವರ ಪ್ರಣಾಳಿಕೆ. ಬೀಗ ಮಾರುವವನು ಬಾಗಿಲು ತೆರೆಸಲು ಹೊರಟ ಎಂದು ಜನ ನಕ್ಕರು, ನಗುತ್ತಲೇ ಓಟೂ ಹಾಕಿದರು. ಅಬ್ಬಬ್ಬಾ, ಆಮೇಲೆ ಆ ಬೀದಿಯನ್ನು ನೋಡಬೇಕಿತ್ತು! ಛತ್ರಿ ರಿಪೇರಿಯವನು, ಕನ್ನಡಕದವಳು, ಗಡಿಯಾರದ ಅಣ್ಣತಮ್ಮಂದಿರು, ಕಾಲಿಡಲು ಜಾಗವಿಲ್ಲ. ಆದರೆ ಹೊಟ್ಟೆ ತುಂಬಿದ ಮೇಲೆ ಯಾರಿಗೂ ಪಕ್ಕದಲ್ಲಿ ಇನ್ನೊಬ್ಬ ಬರುವುದು ಬೇಡವಾಯಿತು. ಹತ್ತಿದ ಏಣಿಯನ್ನು ಒದ್ದು, ಒಬ್ಬೊಬ್ಬರೇ ಬೇರೆ ಪಕ್ಷಗಳಿಗೆ ಹಾರಿದರು.

ಹೊರಗೆ ಮೆಟ್ಟಿಲ ಮೇಲೆ ಜವಳಿ ಅಂಗಡಿಯವನು ಕೆಂಡವಾಗಿ ಕಾಯುತ್ತಿದ್ದ. ಪಕ್ಷದ ಅಧ್ಯಕ್ಷ ಅವನೇ, ಬೀಗದಂಗಡಿಯವನ ಹೆಂಡತಿಯ ಸ್ವಂತ ಅಣ್ಣನೂ ಅವನೇ.

"ಉಂಡ ಮನೆಗೆ ಎರಡು ಬಗೆದುಬಿಟ್ಟೆ ಕಣಯ್ಯಾ. ಇವತ್ತಿಗೆ ಪಕ್ಷ ಮುಗೀತು."

"ಇವತ್ತಲ್ಲ ಭಾವ" ಎಂದ ಬೀಗದಂಗಡಿಯವನು. "ನಮಗೆಲ್ಲ ಒಂದೊಂದು ಅಂಗಡಿ ಆಯ್ತಲ್ಲ, ಆವತ್ತೇ ಮುಗೀತು."

ಅಣ್ಣ ತಂಗಿಯ ಮುಖವನ್ನೂ ನೋಡದೆ ದಡದಡ ಇಳಿದು ಹೋದ.

ದಾರಿಯಲ್ಲಿ ಅವಳು ತಡೆಯಲಾರದೆ ಕೇಳಿದಳು. "ಅವರು ನಮಗಿಂತ ಕಡಿಮೆಗೆ ಮಾರ್ತಾರೆ. ನಾವೇನು ಮಣ್ಣು ತಿನ್ನೋದಾ?"

"ತಿನ್ನೋ ಕಾಲ ಬಂದ್ರೂ ಬರಬಹುದು."

"ಗೊತ್ತಿದ್ದೂ ಹೀಗೆ ಮಾಡಿದ್ರಾ?"

"ಗೊತ್ತಿದ್ದೇ ಮಾಡಿದ್ದು. ಭಯ ಆಯ್ತು ಕಣೇ. ತೊಡೆ ಕೆಳಗೆ ಅದುಮಿ ಹಿಡೀದೇ ಇದ್ದಿದ್ರೆ ಕೈ ತಾನಾಗೇ ಮೇಲೆ ಹೋಗ್ತಿತ್ತು."

ಅವಳು ನಿಂತುಬಿಟ್ಟಳು. ಜಿರಲೆ ಕಂಡರೆ ಸ್ಟೂಲು ಹತ್ತುವ ಮನುಷ್ಯ ಇವನು! ಇವನೊಳಗೆ ಇಷ್ಟು ದೊಡ್ಡವನೊಬ್ಬ ಇಷ್ಟು ವರ್ಷ ಎಲ್ಲಿ ಅಡಗಿದ್ದ? ಬೈಯಲು ಹೊರಟಿದ್ದವಳು ಅವನ ಹೆಜ್ಜೆಗೆ ಹೆಜ್ಜೆ ಹಾಕಿದಳು.

ಅಂಗಡಿಗೆ ಬಂದವನೇ ಅಂಗಿಯ ತೋಳು ಮಡಚಿ, ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ ಧೂಳು ಒರೆಸತೊಡಗಿದ.

"ಈಗ ಇದೇನು ಹೊಸ ಅವತಾರ?"

"ಎದುರಿಗೆ ಮಳಿಗೆ ಬರುತ್ತಲ್ಲ. ಇನ್ಮೇಲೆ ವ್ಯಾಪಾರ ಮಾಡ್ಬೇಕು."

"ಮತ್ತೆ ಇಷ್ಟು ವರ್ಷ ಮಾಡಿದ್ದು?"

ಅವನು ಒಂದು ಬೀಗವನ್ನು ಅಂಗಿಯ ತುದಿಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿದ.

"ಇಷ್ಟು ವರ್ಷ ಗಿರಾಕಿಗೆ ಬೇರೆ ಗತಿ ಇರಲಿಲ್ಲ."