ದಪ್ಪ ಅಟ್ಟೆಯ ಜೋಡು

ಚಿಕ್ಕಂದಿನಲ್ಲಿ ಅಪ್ಪ ಎತ್ತಿಕೊಂಡಾಗ ಮೂಗಿಗೆ ಬಡಿಯುತ್ತಿದ್ದ ಚರ್ಮದ, ಅಂಟಿನ ವಾಸನೆ ಅಂಗಡಿಯಲ್ಲಿ ಇನ್ನೂ ಹಾಗೇ ಇತ್ತು. ಅಪ್ಪ ಮಾತ್ರ ಇರಲಿಲ್ಲ. ಕಾಲಿನಲ್ಲಿ ಏರುಪೇರಿರುವವರಿಗೆ ಅಳತೆ ನೋಡಿ ಜೋಡು ಹೊಲಿದವರು ಅವರು. ಅಂಗಡಿ ಮುಚ್ಚುವುದೋ, ತಾನೇ ಸೂಜಿ ಹಿಡಿಯುವುದೋ ತಿಳಿಯದೆ ಮಗಳು ಮೊಬೈಲ್ ನೋಡುತ್ತ ಕೂತಿದ್ದಳು.

ವ್ಯಾಪಾರ ಕುದುರಲಿ ಎಂದು ಅವಳು ಹಟ ಹಿಡಿದು ಮಾಡಿಸಿದ್ದ ರೀಲ್ಸ್‌ನಲ್ಲಿ ಅಪ್ಪ ಜೋಡು ಹಿಡಿದು ಕುಣಿದದ್ದನ್ನು ಲಕ್ಷ ಜನ ನೋಡಿದ್ದರು. ಅಲ್ಲೇ ಅವಳು ಹಾಕಿದ್ದ ಅಪ್ಪನ ಸಾವಿನ ಸುದ್ದಿಯ ಕೆಳಗೆ ಒಬ್ಬ ಬರೆದಿದ್ದ: "ಅಯ್ಯೋ! ತಾತನ ಇನ್ನೊಂದು ಡಾನ್ಸ್ ಇದ್ರೆ ಹಾಕಿ."

"ನನ್ನ ಗಿರಾಕಿಗಳು ನಡೆಯೋಕೇ ಕಷ್ಟಪಡೋರು ಕಣಮ್ಮಾ, ಕುಣಿತ ಯಾರಿಗೆ ಬೇಕು?" ಎಂದು ನಕ್ಕು, ಅಪ್ಪ ವಾಟ್ಸಾಪ್‌ನಲ್ಲಿ ಆ ಗಿರಾಕಿಗಳದೇ ಪುಟ್ಟ ಗುಂಪು ಕಟ್ಟಿದ್ದರು. ಅಲ್ಲಿಗೂ ಬೆಳಗ್ಗೆ ಸುದ್ದಿ ಹಾಕಿದ್ದಳು. ಮಧ್ಯಾಹ್ನವಾದರೂ ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಇನ್ನೇನು ಎಂದುಕೊಂಡು ಬಾಗಿಲೆಳೆಯಲು ಎದ್ದಳು.

ಹೊಸ್ತಿಲಲ್ಲಿ ಒಬ್ಬ ಹೆಂಗಸು ಏದುಸಿರು ಬಿಡುತ್ತ ನಿಂತಿದ್ದರು. ಎಡಗಾಲಿನ ಜೋಡಿಗೆ ಮೂರು ಬೆರಳು ದಪ್ಪದ ಅಟ್ಟೆ. ಹೊಲಿಗೆ ಅಪ್ಪನದೇ, ಅಂಚು ಸವೆದಿತ್ತು. "ಗುಂಪಲ್ಲಿ ಏನಂತ ಬರೀಲಿ ಮಗಳೇ? ಕೈ ಬರ್ಲಿಲ್ಲ. ಅದಕ್ಕೇ ನಡ್ಕೊಂಡು ಬಂದೆ."

ಮಗಳು ಅಪ್ಪನ ಸ್ಟೂಲಿನ ಮೇಲೆ ಅವರನ್ನು ಕೂರಿಸಿದಳು. ಬಗ್ಗಿ ಸವೆದ ಅಂಚನ್ನು ಮುಟ್ಟಿ ನೋಡಿದಳು. ಆಕೆ ಚೀಲದಿಂದ ಬಿಸಿ ಊಟದ ಡಬ್ಬಿ ತೆಗೆದು ಅವಳ ಕೈಗಿಟ್ಟರು.